ಆನೆಗೆ ಬಾಳೆಹಣ್ಣು ಕೊಟ್ಟರೆ ಸಾಕೇ? – ಸೆರೆಯಲ್ಲಿರುವ ಆನೆಯ ಆರೋಗ್ಯ, ನಿರ್ಲಕ್ಷ್ಯ ಮತ್ತು ನಮ್ಮ ಜೀವದಯೆ



ಆನೆ ಎಂದರೆ ಜೈನರಿಗೆ ವಿಶೇಷ ಪ್ರೀತಿ. ಎರಡನೆಯ ತೀರ್ಥಂಕರರಾದ ಅಜಿತನಾಥ ಸ್ವಾಮಿಯ ಲಾಂಛನ ಆನೆ. ತೀರ್ಥಂಕರರ ಮಾತೆ ಕಾಣುವ ಶುಭಸ್ವಪ್ನಗಳಲ್ಲಿ ಬಿಳಿಯ ಆನೆ ಇದೆ. ಪಾರ್ಶ್ವನಾಥ ಸ್ವಾಮಿಯ ಜೀವ ಹಿಂದಿನ ಒಂದು ಭವದಲ್ಲಿ ಆನೆಯಾಗಿದ್ದು, ಮುನಿಗಳ ಉಪದೇಶ ಕೇಳಿ ಅಣುವ್ರತ ಪಾಲಿಸಿದ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಹೀಗಾಗಿ ಮೃಗಾಲಯಕ್ಕೆ ಹೋದಾಗ ಆನೆಯ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತೇವೆ. ಹಿರಿಯರ ಪುಣ್ಯತಿಥಿಗೋ ಮಕ್ಕಳ ಹುಟ್ಟುಹಬ್ಬಕ್ಕೋ ಮೃಗಾಲಯದ ಪ್ರಾಣಿ ದತ್ತು ಯೋಜನೆಗೆ ಹಣ ಕಟ್ಟುವ ಕುಟುಂಬಗಳೂ ನಮ್ಮಲ್ಲಿವೆ.

ಆದರೆ ಆ ಆನೆಗೆ ಕಾಯಿಲೆ ಬಂದರೆ ಯಾರು ನೋಡುತ್ತಾರೆ? ಅದಕ್ಕೆ ಏನೇನು ಕಾಯಿಲೆ ಬರುತ್ತದೆ? ಹೊಟ್ಟೆ ತುಂಬ ಹಾಕಿದರೂ ಆನೆ ಏಕೆ ಸಾಯುತ್ತದೆ? ಇವನ್ನು ನಾವು ಕೇಳುವುದು ಕಡಿಮೆ. ಪಶುವೈದ್ಯರು ಬಲ್ಲ ವಿಷಯಗಳನ್ನು ನಮ್ಮ ಮನೆಮಂದಿಗೆ ಅರ್ಥವಾಗುವಂತೆ ಹೇಳುವುದು ಈ ಲೇಖನದ ಉದ್ದೇಶ. ಅದಕ್ಕೆ ಆಧಾರವಾಗಿ ಇಡೀ ಜಗತ್ತಿನ ಗಮನ ಸೆಳೆದ ಒಂದು ಪ್ರಕರಣವನ್ನು ತೆಗೆದುಕೊಂಡಿದ್ದೇನೆ.

ಕರಾಚಿಯ ನೂರ್ ಜಹಾನ್

ಪಾಕಿಸ್ತಾನದ ಕರಾಚಿಗೆ 2009ರಲ್ಲಿ ಆಫ್ರಿಕಾದ ಟಾಂಜಾನಿಯಾದಿಂದ ನಾಲ್ಕು ಮರಿಯಾನೆಗಳನ್ನು ತರಲಾಯಿತು. ಕಾಡಿನಲ್ಲಿ ಹುಟ್ಟಿ ತಾಯಿಯಿಂದ ಬೇರ್ಪಟ್ಟ ಮರಿಗಳು ಅವು. ನೂರ್ ಜಹಾನ್ ಮತ್ತು ಮಧುಬಾಲಾ ಎಂಬ ಎರಡನ್ನು ನಗರದ ನಡುವಿನ ಮೃಗಾಲಯದಲ್ಲಿ ಇಟ್ಟರು. ಮಲಿಕಾ ಮತ್ತು ಸೋನು ಎಂಬ ಇನ್ನೆರಡನ್ನು ಅದೇ ಊರಿನ ಸಫಾರಿ ಪಾರ್ಕಿಗೆ ಕಳಿಸಿದರು.

ಹನ್ನೆರಡು ವರ್ಷ ಹೀಗೇ ಕಳೆಯಿತು. ಪ್ರಾಣಿಪ್ರಿಯರು ಸಿಂಧ್ ಹೈಕೋರ್ಟಿಗೆ ಹೋದ ಮೇಲೆ, 2021ರ ನವೆಂಬರಿನಲ್ಲಿ 'ಫೋರ್ ಪಾಸ್' ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ವೈದ್ಯರು ಬಂದು ನಾಲ್ಕೂ ಆನೆಗಳನ್ನು ಪರೀಕ್ಷಿಸಿದರು. ಮೃಗಾಲಯದ ಎರಡು ಆನೆಗಳ ದಂತ ಮುರಿದು ಒಳಗೆ ಸೋಂಕಾಗಿತ್ತು. ಸಫಾರಿ ಪಾರ್ಕಿನ ಎರಡಕ್ಕೆ ಕಾಲಿನ ತೊಂದರೆಯಿತ್ತು. ಇನ್ನೊಂದು ಸಂಗತಿಯೂ ಹೊರಗೆ ಬಂತು. ಅಷ್ಟು ವರ್ಷ ಗಂಡೆಂದು ತಿಳಿದುಕೊಂಡಿದ್ದ ಸೋನು ಹೆಣ್ಣಾನೆಯಾಗಿತ್ತು! ಆಮೇಲೆ ಅದನ್ನು ಸೋನಿಯಾ ಎಂದು ಕರೆದರು. ದಿನವೂ ಮೇವು ಹಾಕುತ್ತಿದ್ದ ಪ್ರಾಣಿ ಗಂಡೋ ಹೆಣ್ಣೋ ಎಂದೇ ಗೊತ್ತಿರಲಿಲ್ಲವೆಂದರೆ, ಅದರ ಮೈಯನ್ನು ಯಾರೂ ಸರಿಯಾಗಿ ನೋಡಿರಲಿಲ್ಲ ಎಂದೇ ಅರ್ಥ.

2022ರ ಆಗಸ್ಟಿನಲ್ಲಿ ಅದೇ ವೈದ್ಯರು ಮತ್ತೆ ಬಂದು ಮಧುಬಾಲಾಳ ದಂತಕ್ಕೆ ಶಸ್ತ್ರಚಿಕಿತ್ಸೆ ಮಾಡಿದರು. 2023ರ ಆರಂಭದಲ್ಲಿ ನೂರ್ ಜಹಾನಳ ಹಿಂಗಾಲುಗಳು ಸ್ವಾಧೀನ ತಪ್ಪತೊಡಗಿದವು. ಏಪ್ರಿಲ್ 5ರಂದು ತಜ್ಞರು ಬಂದು, ಕ್ರೇನಿನ ಆಸರೆ ಕೊಟ್ಟು ಪರೀಕ್ಷೆ ಮಾಡಿದಾಗ ಹೊಟ್ಟೆಯೊಳಗೆ ರಕ್ತ ಹೆಪ್ಪುಗಟ್ಟಿದ ದೊಡ್ಡ ಗಡ್ಡೆ ಕಂಡಿತು. ಚಿಕಿತ್ಸೆ ಶುರುವಾಯಿತು. ಆದರೆ ಏಪ್ರಿಲ್ 13ರಂದು ಅದು ತನ್ನ ಆವರಣದ ಕೊಳದಲ್ಲಿ ಬಿತ್ತು. ಕ್ರೇನಿನಿಂದ ಮೇಲೆತ್ತಿದರೂ ಮತ್ತೆ ತನ್ನ ಕಾಲ ಮೇಲೆ ನಿಲ್ಲಲಾಗಲಿಲ್ಲ. ಏಪ್ರಿಲ್ 22ರಂದು ಪ್ರಾಣ ಬಿಟ್ಟಿತು. ಆಗ ಅದರ ವಯಸ್ಸು ಸುಮಾರು 17. ಆನೆಗಳು 60 ವರ್ಷದವರೆಗೂ ಬದುಕುವ ಪ್ರಾಣಿಗಳು.

ಕೊನೆಯ ಒಂಬತ್ತು ದಿನ ಅಲ್ಲಿ ಪ್ರಯತ್ನ ಕಡಿಮೆಯೇನೂ ಇರಲಿಲ್ಲ. ಮರಳು ಹಾಕಿದರು, ನೀರು ಸಿಂಪಡಿಸಿದರು, ವೈದ್ಯರು ಹಗಲು ರಾತ್ರಿ ದುಡಿದರು. ಆದರೆ ಬೇಕಾಗಿದ್ದ ಆರೈಕೆ ಒಂಬತ್ತು ದಿನದ್ದಲ್ಲ, ಅದಕ್ಕೂ ಮೊದಲಿನ ಹನ್ನೆರಡು ವರ್ಷದ್ದು.

ಬಿದ್ದ ಆನೆ ಏಕೆ ಏಳುವುದಿಲ್ಲ?

ಬೆಳೆದ ಹೆಣ್ಣಾನೆಯ ತೂಕ ಸುಮಾರು 3,000 ಕಿಲೋ. ಆರೋಗ್ಯವಾಗಿರುವ ಆನೆ ರಾತ್ರಿ ಕೆಲವು ಗಂಟೆ ಮಲಗಿ ತಾನಾಗಿ ಎದ್ದು ನಿಲ್ಲುತ್ತದೆ. ಕಾಯಿಲೆಯಿಂದ ಒಂದೇ ಮಗ್ಗುಲಿಗೆ ಬಿದ್ದುಕೊಂಡರೆ ಅದರ ಮೈಭಾರವೇ ಅದಕ್ಕೆ ಶತ್ರು. ಕೆಳಗಿರುವ ಮಾಂಸಖಂಡಗಳಿಗೆ ರಕ್ತ ಹರಿಯುವುದು ನಿಲ್ಲುತ್ತದೆ, ಶ್ವಾಸಕೋಶ ಒತ್ತಿಹೋಗುತ್ತದೆ, ಚರ್ಮದಲ್ಲಿ ಹುಣ್ಣಾಗುತ್ತದೆ. ಹೊತ್ತು ಕಳೆದಂತೆ ಏಳುವ ಶಕ್ತಿಯೂ ಹೋಗುತ್ತದೆ.

ಶ್ವೇತಾಂಬರ ಆಗಮದಲ್ಲಿ ಬರುವ ಮೇಘಕುಮಾರನ ಪೂರ್ವಭವದ ಕಥೆ ಇಲ್ಲಿ ನೆನಪಾಗುತ್ತದೆ. ಕಾಡ್ಗಿಚ್ಚಿನ ಸಮಯದಲ್ಲಿ ತನ್ನ ಕಾಲಡಿಗೆ ಬಂದು ಕುಳಿತ ಮೊಲವನ್ನು ತುಳಿಯಬಾರದೆಂದು ಆನೆಯೊಂದು ಎರಡೂವರೆ ದಿನ ಕಾಲೆತ್ತಿಕೊಂಡೇ ನಿಂತಿತು. ಬೆಂಕಿ ಆರಿ ಮೊಲ ಹೋದ ಮೇಲೆ ಕಾಲಿಡಲು ಹೋದರೆ ಕಾಲು ಮರಗಟ್ಟಿತ್ತು. ಆನೆ ನೆಲಕ್ಕೆ ಬಿತ್ತು, ಮತ್ತೆ ಏಳಲಿಲ್ಲ. ಕರುಣೆಯ ಕಥೆಯೆಂದು ನಾವು ಮಕ್ಕಳಿಗೆ ಇದನ್ನು ಹೇಳುತ್ತೇವೆ. ಆನೆಯ ಪ್ರಾಣ ಅದರ ಕಾಲಿನಲ್ಲಿದೆ ಎಂಬ ಮಾತೂ ಇದರಲ್ಲಿ ಇದೆ.

ಕಾಲು: ಎಲ್ಲಕ್ಕಿಂತ ದೊಡ್ಡ ಸಮಸ್ಯೆ

ಮೃಗಾಲಯ, ಮಠ, ದೇವಸ್ಥಾನ – ಎಲ್ಲೇ ಇರಲಿ, ಸೆರೆಯಲ್ಲಿರುವ ಆನೆಗಳನ್ನು ಹೆಚ್ಚಾಗಿ ಕಾಡುವುದು ಅಂಗಾಲಿನ ಮತ್ತು ಕೀಲುಗಳ ರೋಗ. ಕಾಡಾನೆ ದಿನವಿಡೀ ಮಣ್ಣು, ಕಲ್ಲು, ಕೆಸರಿನಲ್ಲಿ ನಡೆಯುತ್ತದೆ. ಅದರ ಉಗುರು ಮತ್ತು ಅಂಗಾಲಿನ ದಪ್ಪ ಚರ್ಮ ತಾನಾಗಿ ಸವೆಯುತ್ತವೆ. ಸಿಮೆಂಟಿನ ನೆಲದ ಮೇಲೆ ನಿಂತಲ್ಲೇ ನಿಂತ ಆನೆಗೆ ಉಗುರು ಬೆಳೆದು ಬಿರಿಯುತ್ತದೆ. ತನ್ನದೇ ಗಂಜಲ, ಲದ್ದಿಯಲ್ಲಿ ನಿಂತರೆ ಬಿರುಕಿನೊಳಗೆ ಕೊಳೆ ಸೇರಿ ಕೀವಾಗುತ್ತದೆ. ಅಲ್ಲಿಂದ ಸೋಂಕು ಮೂಳೆಗೆ, ರಕ್ತಕ್ಕೆ ಹೋಗುತ್ತದೆ. ಕರಾಚಿಯ ಸೋನಿಯಾ 2024ರ ಡಿಸೆಂಬರಿನಲ್ಲಿ ಸತ್ತಾಗ ಮರಣೋತ್ತರ ಪರೀಕ್ಷೆಯಲ್ಲಿ ಕಂಡದ್ದು ಕಾಲಿನಲ್ಲಿ ಕೀವು, ಮೈಗೆಲ್ಲ ಹರಡಿದ ಸೋಂಕು.

ಇದಕ್ಕೆ ಔಷಧಕ್ಕಿಂತ ಮೊದಲು ಬೇಕಾದದ್ದು ದಿನದ ಕೆಲಸ. ಪ್ರತಿದಿನ ನಾಲ್ಕೂ ಕಾಲನ್ನು ತೊಳೆದು ಅಂಗಾಲು ನೋಡಬೇಕು. ಸಿಕ್ಕಿಕೊಂಡ ಕಲ್ಲು, ಮುಳ್ಳು ತೆಗೆಯಬೇಕು. ಕೆಲವು ವಾರಕ್ಕೊಮ್ಮೆ ಉಗುರನ್ನು ಉಜ್ಜಿ ಸರಿಪಡಿಸಬೇಕು. ನಿಲ್ಲಲು ಮಣ್ಣು ಅಥವಾ ಮರಳಿನ ನೆಲ ಬೇಕು, ಮಲಗುವಾಗ ಒರಗಲು ಮರಳಿನ ದಿಬ್ಬ ಬೇಕು, ಎಲ್ಲಕ್ಕಿಂತ ಮುಖ್ಯವಾಗಿ ನಡೆಯಲು ಜಾಗ ಬೇಕು. ನಮ್ಮ ರಾಜ್ಯದಲ್ಲಿ ಅರಣ್ಯ ಇಲಾಖೆಯ ಆನೆ ಬಿಡಾರಗಳಲ್ಲಿ ಆನೆಗಳನ್ನು ಮೇಯಲು ಕಾಡಿಗೆ ಬಿಡುವ ಪದ್ಧತಿ ಇದೆ. ಮೇವಿನ ಜೊತೆಗೆ ಕಾಲಿಗೂ ಅದರಿಂದ ಒಳ್ಳೆಯದು.

ಹಲ್ಲು ಮತ್ತು ದಂತ

ದಂತವೆಂದರೆ ಒಣಗಿದ ಕೊಂಬಿನಂಥದ್ದು ಎಂದು ಬಹಳ ಜನ ತಿಳಿದಿದ್ದಾರೆ. ಅದು ಹಲ್ಲು. ನಮ್ಮ ಹಲ್ಲಿನ ಹಾಗೆಯೇ ಅದರೊಳಗೆ ನರ, ರಕ್ತನಾಳ ಇವೆ. ಅದು ಬುಡದವರೆಗೆ ಸೀಳಿದರೆ ಸೋಂಕು ತಲೆಬುರುಡೆಯ ಕಡೆಗೆ ಹೋಗುತ್ತದೆ. ನಮಗೆ ಒಂದು ಹಲ್ಲು ನೋವು ಬಂದರೆ ಅಂಗಡಿಯಲ್ಲಿ ಕೂರಲಾಗುವುದಿಲ್ಲ. ಮುರಿದ ದಂತದ ನೋವನ್ನು ವರ್ಷಗಟ್ಟಲೆ ಸಹಿಸಿದ ಆನೆಯ ಸ್ಥಿತಿ ಊಹಿಸಿಕೊಳ್ಳಿ.

ಬಾಯೊಳಗಿನ ದವಡೆ ಹಲ್ಲುಗಳದ್ದು ಇನ್ನೊಂದು ಕಥೆ. ಆನೆಗೆ ಜೀವಮಾನದಲ್ಲಿ ಆರು ಸಲ ದವಡೆ ಹಲ್ಲು ಬರುತ್ತದೆ. ಹಿಂದಿನಿಂದ ಹೊಸದು ತಳ್ಳಿಕೊಂಡು ಬಂದಂತೆ ಮುಂದಿನದು ಸವೆದು ಉದುರುತ್ತದೆ. ಹಲ್ಲು ಸವೆಯಬೇಕಾದರೆ ಹುಲ್ಲು, ಸೊಪ್ಪು, ತೊಗಟೆ, ಕೊಂಬೆ ಬೇಕು. ಬರೀ ಅನ್ನದ ಮುದ್ದೆ, ಬೆಲ್ಲ, ಹಣ್ಣು ತಿನ್ನಿಸಿದರೆ ಸವೆತ ಸರಿಯಾಗಿ ಆಗುವುದಿಲ್ಲ, ಮೈತೂಕವೂ ಏರಿ ಕಾಲಿನ ಮೇಲೆ ಭಾರ ಬೀಳುತ್ತದೆ. ಬೆಳೆದ ಆನೆಗೆ ದಿನಕ್ಕೆ ಸುಮಾರು 150 ಕಿಲೋ ಹಸಿ ಮೇವು, 100 ಲೀಟರಿಗೂ ಹೆಚ್ಚು ನೀರು ಬೇಕು. ಅದರ ಮುಂದೆ ಭಕ್ತರು ಕೊಡುವ ಬಾಳೆಹಣ್ಣಿನ ಚಿಪ್ಪು ಊಟವಲ್ಲ, ಮಿಠಾಯಿ.

ಮನುಷ್ಯರಿಂದ ಅಂಟುವ ಕ್ಷಯ

ಆನೆಗೂ ಕ್ಷಯ ಬರುತ್ತದೆ. ಹೆಚ್ಚಾಗಿ ಅದನ್ನು ಅಂಟಿಸುವವರು ನಾವೇ. ಮನುಷ್ಯರ ಕ್ಷಯದ ರೋಗಾಣುವೇ ಆನೆಗೂ ತಗಲುತ್ತದೆ, ಆನೆಯಿಂದ ಮತ್ತೆ ಮಾವುತನಿಗೂ ಬರಬಹುದು. ಹೊರಗೆ ಲಕ್ಷಣ ಕಾಣಿಸುವುದು ತಡವಾಗಿ. ಸೊಂಡಿಲಿಗೆ ಉಪ್ಪುನೀರಿನ ದ್ರಾವಣ ಹಾಕಿ, ಹೊರಬಂದದ್ದನ್ನು ಸಂಗ್ರಹಿಸಿ ಪ್ರಯೋಗಾಲಯಕ್ಕೆ ಕಳಿಸುವುದು ಒಂದು ಪರೀಕ್ಷೆ. ಚಿಕಿತ್ಸೆಗೆ ಮನುಷ್ಯರಿಗೆ ಕೊಡುವ ಔಷಧಗಳನ್ನೇ ಆನೆಯ ತೂಕಕ್ಕೆ ತಕ್ಕಂತೆ ತಿಂಗಳುಗಟ್ಟಲೆ ಕೊಡಬೇಕು. ಕರಾಚಿಯಲ್ಲಿ ಉಳಿದ ಮಧುಬಾಲಾ ಮತ್ತು ಮಲಿಕಾ ಇಬ್ಬರಿಗೂ 2025ರಲ್ಲಿ ಕ್ಷಯ ಇರುವುದು ಪತ್ತೆಯಾಯಿತು. ಆದ್ದರಿಂದ ಆನೆ ಸಾಕುವ ಕಡೆ ಆನೆಗಷ್ಟೇ ಅಲ್ಲ, ಮಾವುತ ಮತ್ತು ಕಾವಾಡಿಗಳಿಗೂ ವರ್ಷಕ್ಕೊಮ್ಮೆ ಎದೆಯ ತಪಾಸಣೆ ಆಗಬೇಕು.

ಒಂಟಿತನವೂ ಕಾಯಿಲೆಯೇ

ಹೆಣ್ಣಾನೆಗಳು ಕುಟುಂಬವಾಗಿ ಬಾಳುವ ಜೀವಿಗಳು. ಗಂಡಾನೆಗೂ ಸಂಗ ಬೇಕು. ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ ದೆಹಲಿ ಮೃಗಾಲಯದ ಶಂಕರ್. ಜಿಂಬಾಬ್ವೆ ದೇಶ ಆಗಿನ ರಾಷ್ಟ್ರಪತಿ ಶಂಕರ್ ದಯಾಳ್ ಶರ್ಮಾ ಅವರಿಗೆ ಉಡುಗೊರೆ ಕೊಟ್ಟ ಆಫ್ರಿಕನ್ ಆನೆ ಅದು. ಜೊತೆಗೆ ಬಂದ ಇನ್ನೊಂದು ಆನೆ ಸತ್ತ ಮೇಲೆ ಎರಡು ದಶಕ ಒಂಟಿಯಾಗಿ ಕಳೆಯಿತು. ಅದರ ಸ್ಥಿತಿಯ ಕಾರಣಕ್ಕೆ ವಿಶ್ವ ಮೃಗಾಲಯಗಳ ಒಕ್ಕೂಟ 2024ರಲ್ಲಿ ದೆಹಲಿ ಮೃಗಾಲಯದ ಸದಸ್ಯತ್ವವನ್ನೇ ಅಮಾನತು ಮಾಡಿತು. 2025ರ ಸೆಪ್ಟೆಂಬರ್ 17ರಂದು ಶಂಕರ್ ತೀರಿಕೊಂಡಿತು, ವಯಸ್ಸು 29. ಇಲಿಗಳಿಂದ ಹರಡುವ ಒಂದು ವೈರಸ್ ಹೃದಯಕ್ಕೆ ತಗಲಿದ್ದು ಕಾರಣವೆಂದು ವರದಿಯಾಯಿತು. ಇಲಿ ಬಾರದಂತೆ ಮೇವಿನ ಕೋಣೆಯನ್ನು ಚೊಕ್ಕಟವಾಗಿ ಇಡುವುದೂ ಆನೆಯ ವೈದ್ಯಕೀಯವೇ ಎಂಬುದನ್ನು ಇದರಿಂದ ತಿಳಿಯಬೇಕು.

ಒಂಟಿ ಆನೆ ನಿಂತಲ್ಲೇ ತಲೆ ತೂಗುತ್ತ, ಮೈ ಓಲಾಡಿಸುತ್ತ ಇರುವುದನ್ನು ಕಂಡು "ನೋಡು, ಆನೆ ಡ್ಯಾನ್ಸ್ ಮಾಡ್ತಿದೆ" ಎಂದು ಮಕ್ಕಳಿಗೆ ತೋರಿಸುತ್ತೇವೆ. ಅದು ಕುಣಿತವಲ್ಲ. ಬೇಸರ, ಒತ್ತಡ ಹೆಚ್ಚಾದಾಗ ಬರುವ ಮನೋರೋಗದ ಲಕ್ಷಣ.

ಹೊಡೆಯದೆ ಚಿಕಿತ್ಸೆ ಸಾಧ್ಯವೇ?

ಸಾಧ್ಯ. ಈಗ ಒಳ್ಳೆಯ ಕಡೆಗಳಲ್ಲಿ ಆನೆ ಒಂದು ಬದಿ, ವೈದ್ಯರು ಇನ್ನೊಂದು ಬದಿ ಇದ್ದು, ನಡುವೆ ಗಟ್ಟಿ ಕಂಬಿ ಇರುತ್ತದೆ. ಕಾಲು ಎತ್ತಿ ಕಂಬಿಯ ಮೇಲೆ ಇಟ್ಟರೆ ಒಂದು ತುಂಡು ತಿನಿಸು, ಕಿವಿ ಚಾಚಿದರೆ ಇನ್ನೊಂದು. ಹೀಗೆ ತಿಂಗಳುಗಟ್ಟಲೆ ಅಭ್ಯಾಸವಾದ ಆನೆ ತಾನಾಗಿ ಕಾಲು ಕೊಡುತ್ತದೆ, ಕಿವಿಯಿಂದ ರಕ್ತ ತೆಗೆಯಲು ಬಿಡುತ್ತದೆ. ಇಷ್ಟವಿಲ್ಲದಿದ್ದರೆ ಎದ್ದು ಹೋಗಬಹುದು. ಅಂಕುಶ ಬೇಕಿಲ್ಲ. ಮಧುಬಾಲಾಳನ್ನು 2024ರ ನವೆಂಬರಿನಲ್ಲಿ ಸಫಾರಿ ಪಾರ್ಕಿಗೆ ಸಾಗಿಸಿದಾಗಲೂ, ಪೆಟ್ಟಿಗೆಯೊಳಗೆ ತಾನಾಗಿ ಹೆಜ್ಜೆ ಇಡುವುದನ್ನು ಮೊದಲೇ ಕಲಿಸಿದ್ದರು. ಸುಮಾರು ಹದಿನೈದು ವರ್ಷದ ಮೇಲೆ ಅದು ತನ್ನ ಜೊತೆಯ ಆನೆಗಳನ್ನು ಕಂಡಿತು. ಎರಡು ವಾರದೊಳಗೆ ಸೋನಿಯಾ ಸತ್ತದ್ದು ಬೇರೆ ಮಾತು.

ನಿರ್ಲಕ್ಷ್ಯವೂ ಹಿಂಸೆ ಎನ್ನುತ್ತದೆ ನಮ್ಮ ಧರ್ಮ

"ನಾವೇನೂ ಹೊಡೆಯಲಿಲ್ಲ, ಉಪವಾಸ ಕೆಡವಲಿಲ್ಲ" ಎಂದು ಆನೆ ಸಾಕುವವರು ಹೇಳಬಹುದು. ತತ್ತ್ವಾರ್ಥ ಸೂತ್ರದ ಏಳನೆಯ ಅಧ್ಯಾಯ ಹಿಂಸೆಯನ್ನು ಹೇಳುವಾಗ ಪ್ರಮಾದವನ್ನು ಮುಂದೆ ಇಡುತ್ತದೆ. ಎಚ್ಚರಗೇಡಿತನದಿಂದ ಪ್ರಾಣಕ್ಕೆ ನೋವಾದರೂ ಅದು ಹಿಂಸೆಯೇ. ಕಾಲು ನೋಡದೆ ಬಿಟ್ಟ ದಿನ, ದಂತ ಸೀಳಿದ್ದನ್ನು ಕಂಡೂ ವೈದ್ಯರನ್ನು ಕರೆಯದ ದಿನ – ಇವೆಲ್ಲ ಪ್ರಮಾದದ ಲೆಕ್ಕಕ್ಕೆ ಸೇರುತ್ತವೆ.

ಅದೇ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳು ಬರುತ್ತವೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕೊಯ್ಯುವುದು ಚುಚ್ಚುವುದು, ಮಿತಿ ಮೀರಿ ಭಾರ ಹೇರುವುದು, ಅನ್ನ ನೀರು ತಡೆಯುವುದು. ಸಾಕಿದ ಆನೆಯ ಬದುಕಿಗೆ ಇವನ್ನು ಒಂದೊಂದಾಗಿ ಹೊಂದಿಸಿ ನೋಡಿ. ಹಗಲಿರುಳು ಬಿಚ್ಚದ ಸರಪಳಿ, ಅಂಕುಶ, ಬಿಸಿಲಲ್ಲಿ ಡಾಂಬರಿನ ಮೇಲೆ ಮೈಲಿಗಟ್ಟಲೆ ಮೆರವಣಿಗೆ, ಹಸಿ ಮೇವಿಲ್ಲದ ದಿನಗಳು. ಪಶುಗಳನ್ನು ಇಟ್ಟುಕೊಂಡ ಗೃಹಸ್ಥರಿಗಾಗಿಯೇ ನಮ್ಮ ಆಚಾರ್ಯರು ಇದನ್ನು ಹೇಳಿದ್ದಾರೆ. ಇಂದಿನ ಕಾನೂನುಗಳಿಗಿಂತ ಎಷ್ಟೋ ಮೊದಲೇ ನಮ್ಮಲ್ಲಿ ಈ ಪಟ್ಟಿ ಇತ್ತು.

ನಾಂದಣಿಯ ಮಹಾದೇವಿ

ಈ ವಿಷಯ ಬರೆಯುವಾಗ ನಾಂದಣಿ ಮಠದ ಮಹಾದೇವಿಯನ್ನು ಬಿಟ್ಟರೆ ಓದುಗರು ಕೇಳದೆ ಇರುವುದಿಲ್ಲ. ಕೊಲ್ಹಾಪುರ ಜಿಲ್ಲೆಯ ಆ ಮಠಕ್ಕೆ ಗಡಿಯಾಚೆಯ ನಮ್ಮ ಬೆಳಗಾವಿ ಕಡೆಯ ಕುಟುಂಬಗಳ ನಂಟೂ ಇದೆ. ಮಾಧುರಿ ಎಂದೂ ಕರೆಯುವ ಆ ಆನೆ ಮೂರು ದಶಕಕ್ಕೂ ಹೆಚ್ಚು ಕಾಲ ಮಠದಲ್ಲಿತ್ತು. ಉನ್ನತಾಧಿಕಾರ ಸಮಿತಿ ಅದನ್ನು ಗುಜರಾತಿನ ಜಾಮನಗರಕ್ಕೆ ಕಳಿಸಬೇಕೆಂದು ಹೇಳಿತ್ತು. 2025ರ ಜುಲೈ 16ರಂದು ಬಾಂಬೆ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು, ಸುಪ್ರೀಂ ಕೋರ್ಟ್ ತಡೆಯಲಿಲ್ಲ. ತಿಂಗಳ ಕೊನೆಗೆ ಆನೆ 'ವಂತಾರಾ' ಕೇಂದ್ರಕ್ಕೆ ಹೋಯಿತು. ಜನ ಕಣ್ಣೀರಿಟ್ಟರು, ಸಾವಿರಾರು ಮಂದಿ ಮೌನ ಮೆರವಣಿಗೆ ನಡೆಸಿದರು. ಅನಂತರ ನಾಂದಣಿಯ ಹತ್ತಿರವೇ ಪುನರ್ವಸತಿ ಕೇಂದ್ರ ಕಟ್ಟುವ ಮಾತುಕತೆಯೂ ಆಯಿತು.

ಯಾರು ಸರಿ ಎಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಜನರ ಭಕ್ತಿ ಸುಳ್ಳಾಗಿರಲಿಲ್ಲ. ಆದರೆ ನ್ಯಾಯಾಲಯದ ಮುಂದೆ ಬಂದ ವರದಿಗಳು ಹೇಳಿದ್ದು ಕಾಲಿನ ಕೊಳೆತ, ಬೆಳೆದ ಉಗುರು, ಹುಣ್ಣುಗಳ ಬಗ್ಗೆ. ಮಠದವರು ಆ ವರದಿಗಳನ್ನು ಒಪ್ಪಲಿಲ್ಲ. ಕೊನೆಗೆ ವಾದ ನಿಂತದ್ದು ಆನೆಯ ಪಾದದ ಮೇಲೆ. ಪ್ರೀತಿಯನ್ನು ಕಾಗದದ ಮೇಲೆ ತೋರಿಸಲಾಗುವುದಿಲ್ಲ. ದಿನದಿನದ ಆರೈಕೆಯ ದಾಖಲೆಯನ್ನು ತೋರಿಸಬಹುದು. ಪ್ರಾಣಿ ಸಾಕುವ ನಮ್ಮ ಎಲ್ಲ ಸಂಸ್ಥೆಗಳೂ, ಗೋಶಾಲೆ ಪಿಂಜರಾಪೋಳಗಳೂ, ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಅಂಗಡಿಯಲ್ಲಿ ದಿನದ ಲೆಕ್ಕ ಬರೆಯದೆ ನಾವು ಬಾಗಿಲು ಹಾಕುವುದಿಲ್ಲ. ಪ್ರಾಣಿಯ ಆರೋಗ್ಯಕ್ಕೂ ಅಂಥದೇ ಒಂದು ಪುಸ್ತಕ ಇರಬೇಕು.

ನಾವು ಏನು ಮಾಡಬಹುದು?

ಮೃಗಾಲಯಗಳ ಮೇಲುಸ್ತುವಾರಿಗೆ ಕೇಂದ್ರ ಮೃಗಾಲಯ ಪ್ರಾಧಿಕಾರವಿದೆ. ಮೃಗಾಲಯದ ಆನೆಗಳನ್ನು ಆನೆ ಶಿಬಿರ, ಪುನರ್ವಸತಿ ಕೇಂದ್ರಗಳಿಗೆ ಕಳಿಸಬೇಕೆಂದು ಅದು 2009ರಲ್ಲೇ ಸೂಚಿಸಿದೆ. ಆದರೂ ಅನೇಕ ಮೃಗಾಲಯಗಳಲ್ಲಿ ಆನೆಗಳಿವೆ. ಇರುವಷ್ಟು ದಿನ ಅವಕ್ಕೆ ಸರಿಯಾದ ಆರೈಕೆ ಸಿಗುವಂತೆ ಕೇಳುವುದು ನೋಡಲು ಹೋಗುವ ನಮ್ಮದೂ ಕರ್ತವ್ಯ.

1. ಆನೆಯನ್ನು ಕಂಡಾಗ ಮೊದಲು ಕಾಲು ನೋಡಿ. ಉಗುರು ಬಿರಿದಿದೆಯೇ, ಒಂದು ಕಾಲನ್ನು ಊರದೆ ಎತ್ತಿ ಎತ್ತಿ ಇಡುತ್ತಿದೆಯೇ, ಸರಪಳಿ ಕಟ್ಟಿದ ಜಾಗದಲ್ಲಿ ಗಾಯವಿದೆಯೇ, ನೆಲ ಒದ್ದೆ ಸಿಮೆಂಟೇ ಎಂದು ಗಮನಿಸಿ.

2. ಕೆನ್ನೆ ಗುಳಿ ಬಿದ್ದಿದ್ದರೆ, ಬೆನ್ನೆಲುಬು ಎದ್ದು ಕಂಡರೆ, ಒಂದೇ ಸಮನೆ ಓಲಾಡುತ್ತಿದ್ದರೆ, ಒಂಟಿಯಾಗಿದ್ದರೆ ಮೃಗಾಲಯದ ಕಚೇರಿಗೆ ಬರೆದು ತಿಳಿಸಿ. ದಿನಾಂಕ ಹಾಕಿ, ಒಂದು ಪ್ರತಿ ಇಟ್ಟುಕೊಳ್ಳಿ. ಮಾವುತನ ಮೇಲೆ ರೇಗಬೇಡಿ. ಅವನಿಗೂ ಸಂಬಳ, ಸಲಕರಣೆ ಸಾಲದೆ ಇರಬಹುದು.

3. ದತ್ತು ಯೋಜನೆಗೆ ಹಣ ಕೊಡುವ ಮೊದಲು ವಿನಯದಿಂದಲೇ ನಾಲ್ಕು ಪ್ರಶ್ನೆ ಕೇಳಿ: ಪೂರ್ಣಾವಧಿ ಪಶುವೈದ್ಯರಿದ್ದಾರೆಯೇ? ಉಗುರು ಕೊನೆಯ ಸಲ ಸರಿಪಡಿಸಿದ್ದು ಯಾವಾಗ? ಕ್ಷಯದ ಪರೀಕ್ಷೆ ಆಗಿದೆಯೇ? ದಿನಕ್ಕೆ ಎಷ್ಟು ಗಂಟೆ ಸರಪಳಿ ಬಿಚ್ಚಿರುತ್ತದೆ?

4. ದಾನ ಕೊಡುವಾಗ ಹಣ್ಣಿನ ಬುಟ್ಟಿಯ ಬದಲು ಔಷಧ, ಮರಳಿನ ನೆಲ, ನೆರಳಿನ ಚಾವಣಿ, ತೂಕ ನೋಡುವ ಯಂತ್ರ, ಮಾವುತರ ಆರೋಗ್ಯ ತಪಾಸಣೆ – ಇಂಥವಕ್ಕೆ ಕೊಡಬಹುದೇ ಎಂದು ವಿಚಾರಿಸಿ.

5. ಪಂಚಕಲ್ಯಾಣ, ರಥೋತ್ಸವಗಳ ಮೆರವಣಿಗೆಗೆ ಬಾಡಿಗೆ ಆನೆ ತರಿಸುವ ವಿಷಯ ಸಮಿತಿಯಲ್ಲಿ ಬಂದರೆ, ಅದರ ಕಾಲು, ಬಿಸಿಲು, ಲಾರಿ ಪ್ರಯಾಣ, ಪಟಾಕಿ ಸದ್ದು ಇವನ್ನು ಯಾರಾದರೂ ಒಬ್ಬರು ಎತ್ತಿ ಹೇಳಬೇಕು. ಮರದಲ್ಲೋ ಬಟ್ಟೆಯಲ್ಲೋ ಮಾಡಿದ ಐರಾವತದಿಂದಲೂ ಇಂದ್ರನ ಮೆರವಣಿಗೆಗೆ ಕಳೆ ಬರುತ್ತದೆ.

ಪರ್ವದ ದಿನಗಳಲ್ಲಿ ನಾವು ಎಲ್ಲ ಜೀವಿಗಳ ಬಳಿ ಕ್ಷಮೆ ಕೇಳುತ್ತೇವೆ. ಆ ಜೀವಿಗಳಲ್ಲಿ ಸರಪಳಿಯಲ್ಲಿ ನಿಂತಿರುವ ಆನೆಯೂ ಒಂದು. ನಮ್ಮ ಕ್ಷಮಾಪಣೆಯ ಮಾತು ಅದಕ್ಕೆ ತಿಳಿಯುವುದಿಲ್ಲ. ಅದಕ್ಕೆ ತಿಳಿಯುವುದು ಒಣಗಿದ ನೆಲ, ಹಸಿ ಮೇವು, ಜೊತೆಗೊಂದು ಆನೆ, ಬೆಳಿಗ್ಗೆ ಬಂದು ತನ್ನ ಕಾಲು ನೋಡುವ ಒಬ್ಬ ಮನುಷ್ಯ. ನಮ್ಮ ಊರಿನ ಹತ್ತಿರ ಆನೆ ಇದ್ದರೆ, ಅದಕ್ಕೆ ಇಷ್ಟು ಸಿಗುತ್ತಿದೆಯೇ ಎಂದು ಹೋಗಿ ಕೇಳೋಣ.

ಜೈ ಜಿನೇಂದ್ರ.